ಮುರುಗಲು ಹಾಕಿದ ಹುಳಿ ಬಿಯರ್: ರುಚಿ ನೋಡಿ ತಿಳಿದ ಸಂಗತಿಗಳು

ಹುಳಿ ಬಂದಿತೆಂದರೆ ಕೆಟ್ಟಿತು ಎನ್ನುವುದು ನಮ್ಮಲ್ಲಿ ರೂಢಿಯ ಮಾತು. ಹಾಲು ಹುಳಿಯಾದರೆ ಒಡೆಯಿತೆಂದು ಚೆಲ್ಲುತ್ತೇವೆ. ರಾತ್ರಿಯ ಸಾರು ಹುಳಿಯಾದರೆ ಅಕ್ಕಚ್ಚಿನ ಬಾನಿಗೆ ಸುರಿಯುತ್ತೇವೆ. ಆದರೆ ಅದೇ ಮನೆಯಲ್ಲಿ ದೋಸೆಯ ಹಿಟ್ಟು ಬೆಳಗಾದರೂ ಹುಳಿ ಬರಲಿಲ್ಲವೆಂದು ಬೇಸರಪಡುವುದೂ ಉಂಟು. ಹಾಗಾದರೆ ಬೇಕಾದ ಹುಳಿ ಯಾವುದು, ಬೇಡವಾದ ಹುಳಿ ಯಾವುದು? ಇವೆರಡನ್ನೂ ಬೇರ್ಪಡಿಸಿ ಹೇಳಲು ಬಾರದ ಕಾರಣ ನಮ್ಮ ಕಡೆಯ ಕೃಷಿಕರೊಬ್ಬರು ಒಂದು ಬಾರಿಯ ಹಣ್ಣಿನ ಹಣವನ್ನು ಪೂರ್ತಿ ಕಳೆದುಕೊಳ್ಳುವುದರಲ್ಲಿದ್ದರು. ಆ ಪ್ರಸಂಗವೇ ಈ ಲೇಖನಕ್ಕೆ ಕಾರಣ.

ಕಳೆದ ಜನವರಿಯಲ್ಲಿ ಒಂದು ದಿನ ಅವರು ಆಲ್ಕೊಳದ ನಮ್ಮ ಮನೆಗೆ ಬಂದರು. ಹೊಸನಗರದ ಕಡೆಯವರು, ನಾಲ್ಕು ಎಕರೆ ಅಡಿಕೆ ತೋಟ, ತೋಟದ ಅಂಚಿಗೂ ಬೆಟ್ಟದಲ್ಲೂ ಹಳೆಯ ಮುರುಗಲು ಮರಗಳು. ಬೆಂಗಳೂರಿನ ಒಂದು ಬಿಯರ್ ತಯಾರಿಕಾ ಘಟಕಕ್ಕೆ ಹಿಂದಿನ ಬೇಸಿಗೆಯಲ್ಲಿ ಎರಡು ಬಾರಿ, ಒಂದೊಂದು ಬಾರಿಗೆ 40 ಕಿಲೋದಂತೆ ಮುರುಗಲು ಹಣ್ಣು ಕಳುಹಿಸಿದ್ದರು. ಮೊದಲನೆಯದು ಮೇ ತಿಂಗಳ ಮೊದಲ ವಾರದ್ದು. ಅದಕ್ಕೆ ಹಣ ಬಂತು. ಎರಡನೆಯದು ಜೂನ್ ಮಧ್ಯದ್ದು. ಆ ಹಣ್ಣು ಹಾಕಿದ ಬಿಯರ್ ಕೆಟ್ಟಿದೆ, ಹಣ ಕೊಡಲಾಗದು, ಮುಂದೆ ಹಣ್ಣು ಬೇಡ ಎಂದು ಡಿಸೆಂಬರಿನಲ್ಲಿ ದೂರವಾಣಿಯಲ್ಲಿ ತಿಳಿಸಿದ್ದರು.

"ಹಣ ಹೋದರೆ ಹೋಗಲಿ ಸಾರ್. ನಿಮ್ಮ ಹಣ್ಣೇ ಕೆಟ್ಟದ್ದು ಅಂತ ಹೇಳಿಬಿಟ್ಟರಲ್ಲ. ಎಂತ ಕೆಟ್ಟದ್ದು ಅಂತಲಾದರೂ ಗೊತ್ತಾಗಬೇಕಲ್ಲ?" ಎಂದರು.

ಆ ಘಟಕದಲ್ಲಿ ತಯಾರಿಕೆ ನೋಡಿಕೊಳ್ಳುವವನು ನನ್ನ ಹಳೆಯ ವಿದ್ಯಾರ್ಥಿ. ಇಬ್ಬರೂ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗುವುದೆಂದು ತೀರ್ಮಾನವಾಯಿತು. ಹೊರಡುವ ಮೊದಲೇ ಅವರು ಒಂದು ಮಾತು ಹೇಳಿದರು: "ನಾನು ಕುಡಿಯುವವನಲ್ಲ. ಮೂಸಿ ನೋಡುತ್ತೇನೆ, ಅಷ್ಟೆ. ನಾಲಿಗೆ ನಿಮ್ಮದಿರಲಿ."

ಈ ಲೇಖನದ ಉದ್ದೇಶವೂ ಯಾರಿಗೂ ಕುಡಿತವನ್ನು ಕಲಿಸುವುದಲ್ಲ. ಮನೆಯಲ್ಲಿ ಇದನ್ನು ತಯಾರಿಸಲು ಯಾರೂ ಹೊರಡಬಾರದು. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಅಧಿನಿಯಮದಂತೆ ಅಪರಾಧ. ಆದರೆ ಹಣ್ಣು ಬೆಳೆದು ಮಾರುವವನಿಗೆ ಆ ಹಣ್ಣು ಮುಂದೆ ಏನಾಗುತ್ತದೆಂಬುದು ತಿಳಿದಿರಬೇಕು. ಇಲ್ಲವಾದರೆ ಕೊಂಡವರು ಹೇಳಿದ್ದನ್ನೇ ನಂಬಬೇಕಾಗುತ್ತದೆ.

ಇದು ಯಾವ ಬಿಯರ್?

ಸಾಮಾನ್ಯ ಬಿಯರ್ ಬಾರ್ಲಿಯಿಂದ ಆಗುವಂಥದು. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ಅದನ್ನು ಒಡೆದು ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ನೆನೆಸಿಟ್ಟರೆ ಕಾಳಿನ ಪಿಷ್ಟವು ಸಕ್ಕರೆಯಾಗುತ್ತದೆ. ಆ ಸಿಹಿ ನೀರನ್ನು ಹಾಪ್ಸ್ ಎಂಬ ಬಳ್ಳಿಯ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಹಾಕುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಇಂಥ ಬಿಯರ್ ಕಹಿಯಾಗಿರುತ್ತದೆ, ಹುಳಿಯಾಗಿರುವುದಿಲ್ಲ.

ಹುಳಿ ಬಿಯರಿನಲ್ಲಿ ಯೀಸ್ಟಿನ ಜೊತೆಗೆ ಮೊಸರಿನ ಬಳಗದ ಬ್ಯಾಕ್ಟೀರಿಯಾಗಳೂ ಕೆಲಸ ಮಾಡುತ್ತವೆ. ಬೆಲ್ಜಿಯಮ್ ದೇಶದ ಬ್ರಸೆಲ್ಸ್ ನಗರ ಮತ್ತು ಅದರ ಪಶ್ಚಿಮದ ಹಳ್ಳಿಗಳಲ್ಲಿ ತಯಾರಾಗುವ ಲ್ಯಾಂಬಿಕ್ ಇದರಲ್ಲಿ ಹೆಸರಾದುದು. ಅಲ್ಲಿ ಮಾಲ್ಟಿನ ಜೊತೆ ಮೂರನೆಯ ಒಂದು ಪಾಲಿನಷ್ಟು ಹಸಿ ಗೋಧಿ ಸೇರಿಸುತ್ತಾರೆ. ಕುದಿಸಿದ ರಸವನ್ನು ಅಗಲವಾದ ತೆರೆದ ಕೊಪ್ಪರಿಗೆಯಲ್ಲಿ ಒಂದು ರಾತ್ರಿ ಹಾಗೆಯೇ ಬಿಡುತ್ತಾರೆ. ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳು ತಾವಾಗಿಯೇ ಬಂದು ಬೀಳುತ್ತವೆ. ಹೆಪ್ಪು ಹಾಕುವ ಪದ್ಧತಿಯಿಲ್ಲ. ನಮ್ಮ ಬೈನೆ ಕಳ್ಳಿನ ಹಾಗೆ ಎನ್ನಬಹುದು. ಬೆಳಿಗ್ಗೆ ಸಿಹಿಯಾಗಿದ್ದ ಬೈನೆಯ ರಸ ಯಾರೂ ಏನೂ ಹಾಕದೆ ಸಂಜೆಯ ಹೊತ್ತಿಗೆ ಹುಳಿಯುವುದನ್ನು ಮಲೆನಾಡಿನವರು ಬಲ್ಲರು. ವ್ಯತ್ಯಾಸವಿರುವುದು ಅವಸರದಲ್ಲಿ. ಬೈನೆಗೆ ಒಂದು ಹಗಲು ಸಾಕು. ಲ್ಯಾಂಬಿಕ್ಕಿಗೆ ಒಂದರಿಂದ ಮೂರು ವರ್ಷ ಬೇಕು. ಅದೂ ಅಕ್ಟೋಬರಿನಿಂದ ಏಪ್ರಿಲ್‌ವರೆಗಿನ ಚಳಿಯ ತಿಂಗಳುಗಳಲ್ಲಿ ಮಾತ್ರ ಕಾಯಿಸುತ್ತಾರೆ. ಬೇಸಿಗೆಯಲ್ಲಿ ಬೇಡವಾದ ಜೀವಿಗಳು ಹೆಚ್ಚುವುದರಿಂದ ಕೆಲಸ ನಿಲ್ಲಿಸುತ್ತಾರೆ. 1900ರಲ್ಲಿ ಪ್ರಾರಂಭವಾದ ಕ್ಯಾಂಟಿಯೋನ್ ಎಂಬ ಬ್ರಸೆಲ್ಸಿನ ತಯಾರಿಕಾಗಾರದಲ್ಲಿ ಇಂದಿಗೂ ಇದೇ ಕ್ರಮ.

ಈ ಬಿಯರಿಗೆ ಹುಳಿ ಚೆರ್ರಿ ಹಣ್ಣು ಹಾಕಿ ಮತ್ತೆ ಕೆಲವು ತಿಂಗಳು ಇಟ್ಟರೆ ಅದಕ್ಕೆ ಕ್ರೀಕ್ ಎಂದು ಹೆಸರು. ಲೀಟರಿಗೆ 200 ಗ್ರಾಂ ಅಥವಾ ಇನ್ನೂ ಹೆಚ್ಚು ಹಣ್ಣು ಬೀಳುತ್ತದೆ. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸುವುದರಿಂದ ಕೊನೆಗೆ ಸಿಹಿ ಉಳಿಯುವುದಿಲ್ಲ. ಹಣ್ಣಿನ ಬಣ್ಣ, ಪರಿಮಳ, ಹುಳಿ, ಒಗರು ಮಾತ್ರ ಉಳಿಯುತ್ತವೆ. ಹಣ್ಣು ಒದಗಿಸುವವರಿಗೆ ಇದು ಮುಖ್ಯವಾದ ವಿಷಯ. ಜಾಮಿನಲ್ಲಿ, ಸ್ಕ್ವಾಷಿನಲ್ಲಿ ಹಣ್ಣಿನ ದೋಷವನ್ನು ಸಕ್ಕರೆ ಮುಚ್ಚಿಡುತ್ತದೆ. ಇಲ್ಲಿ ಮುಚ್ಚಲು ಏನೂ ಇಲ್ಲ.

ಬೆಂಗಳೂರಿನಲ್ಲಿ 2010ರ ನಂತರ ಸ್ಥಳದಲ್ಲಿಯೇ ಬಿಯರ್ ತಯಾರಿಸಿ ಮಾರುವ ಸಣ್ಣ ಘಟಕಗಳು ಬಹಳಷ್ಟು ಪ್ರಾರಂಭವಾದವು. ಬಾರ್ಲಿ ನಮ್ಮ ಮಲೆನಾಡಿನ ಬೆಳೆಯಲ್ಲ. ಅದು ರಾಜಸ್ಥಾನ, ಹರಿಯಾಣ, ಪಂಜಾಬುಗಳಿಂದ ಬರುತ್ತದೆ. ಹಾಪ್ಸ್ ಹೊರದೇಶದ್ದು. ನಮ್ಮ ಕೃಷಿಕನಿಗೆ ಇದರಲ್ಲಿ ಪಾಲು ಇರುವುದು ಹಣ್ಣಿನಿಂದ ಮಾತ್ರ.

ಪೀಪಾಯಿಯ ಕೆಲಸ

ನನ್ನ ವಿದ್ಯಾರ್ಥಿ ನಮ್ಮನ್ನು ನೇರವಾಗಿ ಪೀಪಾಯಿಗಳ ಕೋಣೆಗೆ ಕರೆದುಕೊಂಡು ಹೋದ. ಒಂದೊಂದೂ 225 ಲೀಟರಿನ ಓಕ್ ಪೀಪಾಯಿ. ಮೊದಲು ಬೇರೆ ಮದ್ಯ ತುಂಬಿದ್ದವು. ಓಕ್ ಮರವೇ ಏಕೆ ಎಂದು ಕೃಷಿಕರು ಕೇಳಿದರು. ತಮ್ಮ ಮನೆಯಲ್ಲಿ ಒಳ್ಳೆಯ ಹಲಸಿನ ಹಲಗೆ ಇದೆ ಎಂದೂ ಸೇರಿಸಿದರು.

ಬಿಳಿ ಓಕ್ ಮರದ ತಿರುಳಿನಲ್ಲಿ ನೀರು ಸಾಗಿಸುವ ನಾಳಗಳು ಮರ ಬಲಿತಂತೆ ಒಳಗಿನಿಂದಲೇ ಮುಚ್ಚಿಹೋಗುತ್ತವೆ. ಆದುದರಿಂದ ಹಲಗೆ ಸೋರುವುದಿಲ್ಲ. ಆದರೆ ಬಹಳ ಸ್ವಲ್ಪ ಗಾಳಿ ಒಳಗೆ ಹೋಗುತ್ತದೆ, ಸ್ವಲ್ಪ ನೀರು ಆವಿಯಾಗಿ ಹೊರಗೆ ಬರುತ್ತದೆ. ಪೀಪಾಯಿ ಕಟ್ಟುವಾಗ ಒಳಮೈಯನ್ನು ಬೆಂಕಿಯಲ್ಲಿ ಕಾಯಿಸುವುದರಿಂದ ವೆನಿಲಾ ಪರಿಮಳದ ವಸ್ತು ಉಂಟಾಗುತ್ತದೆ. ಮರದ ಒಗರೂ ಇಳಿಯುತ್ತದೆ. ಹಲಗೆಯ ಸಣ್ಣ ರಂಧ್ರಗಳಲ್ಲಿ ಬ್ರೆಟನೊಮೈಸಿಸ್ ಎಂಬ ಯೀಸ್ಟ್ ವರ್ಷಗಟ್ಟಲೆ ಬದುಕಿರುತ್ತದೆ. 1904ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸೆನ್ ಎಂಬವರು ಇದನ್ನು ಗುರುತಿಸಿ ಹೆಸರಿಟ್ಟರು. ಇದರ ವಾಸನೆಯನ್ನು ಯೂರೋಪಿನವರು ಕುದುರೆಯ ಕಂಬಳಿಗೆ ಹೋಲಿಸುತ್ತಾರೆ. ನನಗೆ ಕೊಟ್ಟಿಗೆಯ ಅಟ್ಟದ ಮೇಲಿನ ಒಣಹುಲ್ಲು ನೆನಪಾಯಿತು. ಹಲಸಿನ ಹಲಗೆಯಾದರೋ ಹಳದಿ ಬಣ್ಣ ಬಿಡುತ್ತದೆ. ಬಟ್ಟೆಗೆ ಬಣ್ಣ ಹಾಕಲು ಅದರ ಚಕ್ಕೆಯನ್ನು ಬಳಸುತ್ತಿದ್ದುದು ಈ ಕಾರಣಕ್ಕಾಗಿಯೇ.

ಆವಿಯ ವಿಷಯವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ನಮ್ಮ ಕೃಷಿಕರ ಮೊಕದ್ದಮೆ ಅದರ ಮೇಲೆಯೇ ನಿಂತಿತ್ತು. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಲ್ಲಿಟ್ಟ ವಿಸ್ಕಿ ವರ್ಷಕ್ಕೆ ನೂರಕ್ಕೆ ಎರಡು ಪಾಲು ಆವಿಯಾಗುತ್ತದೆ. ಬೆಂಗಳೂರಿನಲ್ಲಿ ಹತ್ತು ಪಾಲು ಅಥವಾ ಇನ್ನೂ ಹೆಚ್ಚು. 1948ರಲ್ಲಿ ಸ್ಥಾಪಿತವಾಗಿ 2004ರಲ್ಲಿ ಗ್ಲಾಸ್ಗೋದಲ್ಲಿ ತನ್ನ ಮಾಲ್ಟ್ ವಿಸ್ಕಿಯನ್ನು ಮಾರುಕಟ್ಟೆಗೆ ತಂದ ಬೆಂಗಳೂರಿನ ಅಮೃತ್ ಸಂಸ್ಥೆಯ ಅನುಭವವೂ ಇದೇ. ಬಿಯರನ್ನೂ ಇದೇ ಲೆಕ್ಕಕ್ಕೆ ಹಿಡಿದರೆ 225 ಲೀಟರಿನ ಪೀಪಾಯಿಯಲ್ಲಿ ಏಳು ತಿಂಗಳಿಗೆ 13 ಲೀಟರಿನಷ್ಟು ಜಾಗ ಖಾಲಿಯಾಗುತ್ತದೆ. ಆ ಜಾಗಕ್ಕೆ ಗಾಳಿ ಬರುತ್ತದೆ. ಆಗಾಗ ಬಿಯರ್ ಹಾಕಿ ಪೀಪಾಯಿ ತುಂಬಿಸುತ್ತಿರದಿದ್ದರೆ ಏನಾಗುತ್ತದೆಂಬುದನ್ನು ಮುಂದೆ ನೋಡೋಣ.

ಮೂರು ಬಗೆಯ ಹುಳಿ

ಹುಳಿ ಬಿಯರಿನಲ್ಲಿ ಹುಳಿ ಮೂರು ಕಡೆಯಿಂದ ಬರಬಹುದು. ಒಂದು, ಹಣ್ಣಿನದೇ ಆಮ್ಲ. ಮುರುಗಲಿನಲ್ಲಿ ಇದು ಮುಖ್ಯವಾಗಿ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ. ಅನಾನಸಿನಲ್ಲಿ ಸಿಟ್ರಿಕ್ ಮತ್ತು ಮ್ಯಾಲಿಕ್. ಎರಡು, ಬ್ಯಾಕ್ಟೀರಿಯಾ ಉಂಟುಮಾಡುವ ಲ್ಯಾಕ್ಟಿಕ್ ಆಮ್ಲ, ಅಂದರೆ ಮೊಸರಿನ ಹುಳಿ. ಮೂರು, ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿ. ಇದು ಮದ್ಯಸಾರವನ್ನು ತಿಂದು ಬದುಕುವ ಬೇರೊಂದು ಬ್ಯಾಕ್ಟೀರಿಯಾದ ಕೆಲಸ. ಆ ಜೀವಿಗೆ ಗಾಳಿ ಬೇಕೇ ಬೇಕು. ಗಾಳಿಯಿಲ್ಲದ ಕಡೆ ಅದು ಇದ್ದರೂ ಇಲ್ಲದಂತೆ.

ಮಣ್ಣು ಪರೀಕ್ಷೆಯ ವರದಿಯಲ್ಲಿ ರಸಸಾರ ಎಂಬ ಅಂಕಿಯನ್ನು ಓದುಗರು ನೋಡಿರುತ್ತೀರಿ. ಮಲೆನಾಡಿನ ತೋಟದಲ್ಲಿ ಅದು 5.5 ಎಂದರೆ ಸುಣ್ಣ ಹಾಕಿರೆಂದು ನಾವು ಹೇಳುತ್ತೇವೆ. ಸಾಮಾನ್ಯ ಬಿಯರಿನ ರಸಸಾರ 4ರಿಂದ 4.5, ಹುಳಿ ಬಿಯರಿನದು ಸುಮಾರು 3.2ರಿಂದ 3.6. ಈ ಅಂಕಿ ಒಂದು ಕಡಿಮೆಯಾದರೆ ಆಮ್ಲತೆ ಹತ್ತು ಪಟ್ಟು ಹೆಚ್ಚಿದಂತೆ. ಮುರುಗಲಿನ ರಸ ಇವೆಲ್ಲಕ್ಕಿಂತ ಆಮ್ಲ. ಅದನ್ನು ಮೊದಲೇ ಹಾಕಿದರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಆದುದರಿಂದ ಹುದುಗುವಿಕೆಯೆಲ್ಲ ಮುಗಿದ ಮೇಲೆಯೇ ಅದನ್ನು ಸೇರಿಸುವುದು.

ರಸಸಾರದ ಅಂಕಿಯಿಂದ ಎಷ್ಟು ಹುಳಿ ಎಂಬುದು ತಿಳಿಯುತ್ತದೆಯೇ ಹೊರತು ಯಾವ ಹುಳಿ ಎಂಬುದು ತಿಳಿಯದು. ಅದಕ್ಕೆ ಮೂಗು, ನಾಲಿಗೆಗಳೇ ಸಾಧನ. ಇದನ್ನು ಅಡಿಗೆಮನೆಯಲ್ಲಿಯೇ ಅಭ್ಯಾಸ ಮಾಡಬಹುದು, ಬಿಯರ್ ಬೇಕಾಗಿಲ್ಲ. ಒಂದು ಲೋಟದಲ್ಲಿ ಉಪ್ಪು ಹಾಕದ ಒಣ ಮುರುಗಲು ಸಿಪ್ಪೆ ನೆನೆಸಿದ ನೀರು, ಇನ್ನೊಂದರಲ್ಲಿ ಹುಳಿ ಮೊಸರಿನ ಮೇಲೆ ನಿಂತ ತಿಳಿನೀರು, ಮೂರನೆಯದರಲ್ಲಿ ಒಂದು ಲೋಟ ನೀರಿಗೆ ಒಂದು ಚಮಚ ವಿನೆಗರ್. ಮೊದಲು ಮೂಗಿನ ಹತ್ತಿರ ಹಿಡಿಯಿರಿ. ಮೂರನೆಯದು ಮಾತ್ರ ಮೂಗಿಗೆ ಚುಚ್ಚುತ್ತದೆ, ಏಕೆಂದರೆ ಅಸಿಟಿಕ್ ಆಮ್ಲ ಆವಿಯಾಗುತ್ತದೆ. ಹಣ್ಣಿನ ಆಮ್ಲವಾಗಲಿ ಲ್ಯಾಕ್ಟಿಕ್ ಆಮ್ಲವಾಗಲಿ ಹಾಗೆ ಆವಿಯಾಗಿ ಮೂಗನ್ನು ಮುಟ್ಟುವುದಿಲ್ಲ. ಆಮೇಲೆ ಒಂದೊಂದು ಗುಟುಕು ಬಾಯಿಗೆ ಹಾಕಿ ಎಲ್ಲ ಕಡೆ ಆಡಿಸಿ ಉಗುಳಿ. ಮುರುಗಲಿನ ಹುಳಿ ಥಟ್ಟನೆ ಬಂದು ಬಾಯಲ್ಲಿ ನೀರೂರಿಸುತ್ತದೆ. ಮೊಸರಿನ ಹುಳಿ ನಿಧಾನವಾಗಿ ಬಂದು ದುಂಡಗೆ ಹರಡುತ್ತದೆ. ವಿನೆಗರಿನದು ಗಂಟಲಿನಲ್ಲಿ ಉರಿಯುತ್ತದೆ. ನಡುವೆ ನೀರು ಮುಕ್ಕಳಿಸುವುದನ್ನು ಮರೆಯಬೇಡಿ. ನಾಲಿಗೆಯ ಅಂಚಿಗೆ ಮಾತ್ರ ಹುಳಿ ತಿಳಿಯುತ್ತದೆಂದು ನಾನು ವಿದ್ಯಾರ್ಥಿಯಾಗಿದ್ದಾಗ ಪುಸ್ತಕಗಳಲ್ಲಿ ಚಿತ್ರ ಸಮೇತ ಇರುತ್ತಿತ್ತು. ಅದು ಸರಿಯಲ್ಲ, ನಾಲಿಗೆಯ ಎಲ್ಲ ಭಾಗಕ್ಕೂ ಎಲ್ಲ ರುಚಿಗಳೂ ತಿಳಿಯುತ್ತವೆ.

ಹುಳಿಯ ಜೊತೆ ಒಗರನ್ನು ಬೆರೆಸಿ ತಪ್ಪು ತಿಳಿಯುವವರೂ ಉಂಟು. ಒಗರು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಬಾಯಿಯ ಒಳಚರ್ಮ ಬಿಗಿದಂತಾಗುವುದು. ಹಾಲು ಹಾಕದ ಕಡು ಚಹಾ ಇದಕ್ಕೆ ಒಳ್ಳೆಯ ಪಾಠ. ಅಡಿಕೆ ಬೇಯಿಸಿ ಚೊಗರು ಕಾಸುವ ಮನೆಗಳಲ್ಲಿ ಇದನ್ನು ನಾನು ವಿವರಿಸಬೇಕಾಗಿಲ್ಲ.

ಎರಡು ಪೀಪಾಯಿ, ಒಂದು ಕ್ಯಾನು

ಮೊದಲ ಬಾರಿಯ ಹಣ್ಣು ಎರಡು ಪೀಪಾಯಿಗಳಿಗೆ ಹೋಗಿತ್ತು. ಅವುಗಳಲ್ಲಿ ಒಂದರಿಂದ ವಿದ್ಯಾರ್ಥಿ ಗಾಜಿನ ಲೋಟಕ್ಕೆ ಎರಡು ಗುಟುಕಿನಷ್ಟು ತೆಗೆದ. ತೀರ ತಣ್ಣಗಿದ್ದರೆ ವಾಸನೆ ಏಳುವುದಿಲ್ಲ. ಆದ್ದರಿಂದ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಡಲಿಲ್ಲ. ಬಣ್ಣ ನಮ್ಮ ಮುರುಗಲು ಪಾನಕದ ಕೆಂಪು, ಸ್ವಲ್ಪ ಕಂದು ಬೆರೆತದ್ದು. ನೊರೆ ಎದ್ದು ಬೇಗನೆ ಇಳಿಯಿತು. ಮೂಗಿಗೆ ಮೊದಲು ಒಣ ಸಿಪ್ಪೆಯ ವಾಸನೆ, ಹಿಂದೆಯೇ ಒಣಹುಲ್ಲು, ಬಹಳ ಹಿಂದೆ ವೆನಿಲಾ. ಬಾಯಲ್ಲಿ ಮುರುಗಲಿನ ಹುಳಿ ಮುಂದಾಗಿ ಬಂದು, ಮೊಸರಿನ ಹುಳಿ ಅದನ್ನು ಹಿಡಿದು ನಿಲ್ಲಿಸಿದಂತಾಯಿತು. ಕೊನೆಯಲ್ಲಿ ಒಗರು. ಸಿಹಿ ಎಳ್ಳಷ್ಟೂ ಇಲ್ಲ. ನನಗೆ ಇದು ಸಾಮಾನ್ಯ ಬಿಯರಿಗಿಂತ ಊಟದ ಕೊನೆಗೆ ಕುಡಿಯುವ ಮುರುಗಲು ಸಾರಿಗೆ ಹತ್ತಿರ ಎನಿಸಿತು. ಕೃಷಿಕರು ಲೋಟ ಹಿಡಿದು ದೀರ್ಘವಾಗಿ ಮೂಸಿ, "ಇದು ನಮ್ಮ ಬೆಟ್ಟದ ಮರದ್ದೇ" ಎಂದರು. ಅವರ ಮುಖ ಅರಳಿತ್ತು.

ಎರಡನೆಯ ಬಾರಿಯ ಹಣ್ಣಿನ ಪೀಪಾಯಿ ಕೋಣೆಯ ಹಿಂಬದಿಯಲ್ಲಿ, ತಗಡಿನ ಮಾಡಿನ ಕೆಳಗೆ ಇತ್ತು. ಲೋಟ ಮುಖದ ಹತ್ತಿರ ಬರುವ ಮೊದಲೇ ಮೂಗಿಗೆ ಚುಚ್ಚಿತು. ವಿನೆಗರ್, ಜೊತೆಗೆ ಹೆಣ್ಣುಮಕ್ಕಳು ಉಗುರಿಗೆ ಹಚ್ಚುವ ಬಣ್ಣದ ವಾಸನೆ. ಮದ್ಯಸಾರ ಮತ್ತು ಅಸಿಟಿಕ್ ಆಮ್ಲ ಕೂಡಿ ಆಗುವ ಈಥೈಲ್ ಅಸಿಟೇಟಿನ ವಾಸನೆ ಅದು. ಬಾಯಿಗೆ ಹಾಕಿದಾಗ ಗಂಟಲು ಉರಿಯಿತು. ಉಗುಳಿದ ಮೇಲೆ ಇನ್ನೊಂದು ವಾಸನೆ ಉಳಿಯಿತು: ಬೂಷ್ಟು ಹಿಡಿದ ಗೋಣಿಚೀಲದ್ದು.

"ನೋಡಿ ಸಾರ್, ಹಣ್ಣು ಕೊಳೆತಿತ್ತು" ಎಂದ ವಿದ್ಯಾರ್ಥಿ.

ಪ್ರಯೋಗ ತಾಕಿನ ಪಕ್ಕದಲ್ಲಿ ಹೋಲಿಕೆಗೆಂದು ಏನೂ ಹಾಕದ ತಾಕು ಇರಬೇಕೆಂದು ನಾನೇ ಅವನಿಗೆ ಪಾಠ ಮಾಡಿದ್ದೆ. ಅದೇ ಹಣ್ಣನ್ನು ಬೇರೆ ಯಾವುದರಲ್ಲಾದರೂ ಹಾಕಿದ್ದೀಯಾ ಎಂದು ಕೇಳಿದೆ. ಪೀಪಾಯಿಗೆ ಹಾಕಿ ಉಳಿದ ಸಿಪ್ಪೆಯನ್ನು ಅದೇ ಬಿಯರಿನೊಡನೆ ಒಂದು ಉಕ್ಕಿನ ಕ್ಯಾನಿಗೆ ತುಂಬಿ, ಗಾಳಿ ಹೊಗದಂತೆ ಬಿಗಿದು ಇಟ್ಟಿದ್ದ, ಮರೆತೂ ಇದ್ದ. ಅದನ್ನು ತೆರೆಸಿದೆವು. ಮೂಗಿಗೆ ಚುಚ್ಚಲಿಲ್ಲ, ಗಂಟಲು ಉರಿಯಲಿಲ್ಲ, ಉಗುರು ಬಣ್ಣದ ವಾಸನೆಯಿಲ್ಲ. ಆದರೆ ಬೂಷ್ಟಿನ ವಾಸನೆ ಇಲ್ಲಿಯೂ ಇತ್ತು.

ಅಂದರೆ ದೋಷ ಎರಡು, ಕಾರಣವೂ ಎರಡು. ಬೂಷ್ಟು ಹಣ್ಣಿನೊಡನೆ ಬಂದದ್ದು, ಏಕೆಂದರೆ ಅದು ಎರಡೂ ಪಾತ್ರೆಗಳಲ್ಲಿದೆ. ವಿನೆಗರ್ ಪೀಪಾಯಿಯಲ್ಲಿ ಮಾತ್ರವಿದೆ. ಆದುದರಿಂದ ಅದಕ್ಕೆ ಹಣ್ಣೊಂದೇ ಕಾರಣವಾಗಲಾರದು. ಹಲಸಿನ ಹಣ್ಣನ್ನು ಬಡಿದು ನೋಡುವಂತೆ ಪೀಪಾಯಿಯನ್ನು ಮೇಲಿನಿಂದ ಕೆಳಕ್ಕೆ ಬಡಿದು ನೋಡಿದೆ. ಮೇಲ್ಭಾಗ ಟೊಳ್ಳು ಸದ್ದು ಮಾಡಿತು. ಮುಚ್ಚಳ ತೆಗೆದು ದೀಪ ಹಿಡಿದರೆ ಬಿಯರ್ ಬಹಳ ಕೆಳಕ್ಕೆ ಇಳಿದಿತ್ತು. ಮುಂದಿನ ಸಾಲಿನ ಪೀಪಾಯಿಗಳನ್ನು ತಿಂಗಳಿಗೊಮ್ಮೆ ತುಂಬಿಸುತ್ತಿದ್ದರು. ಹಿಂಬದಿಯ ಇದನ್ನು ಯಾರೂ ಮುಟ್ಟಿರಲಿಲ್ಲ.

ಅದುವರೆಗೆ ಸುಮ್ಮನಿದ್ದ ಕೃಷಿಕರು ಬಗ್ಗಿ ನೋಡಿ ಹೇಳಿದರು: "ಅಪ್ಪೆಮಿಡಿ ಭರಣಿ ಅರ್ಧ ಖಾಲಿ ಬಿಟ್ಟರೆ ಉಪ್ಪುನೀರಿನ ಮೇಲೆ ಬಿಳಿ ಕೆನೆ ಕಟ್ಟುತ್ತದಲ್ಲ, ಹಾಗೆಯೇ ಕಟ್ಟಿದೆ. ನಮ್ಮ ಮನೆಯಲ್ಲಿ ಕಂಠಮಟ್ಟ ತುಂಬಿ ಮೇಲೆ ಕಲ್ಲು ಹೇರಿ ಇಡುತ್ತಾರೆ ತಮ್ಮಾ. ಇದಕ್ಕೆ ಕಲ್ಲು ಇಲ್ಲವಾ?"

ವಿದ್ಯಾರ್ಥಿ ನಕ್ಕುಬಿಟ್ಟ. ಪೀಪಾಯಿಗೆ ಕಲ್ಲಿಲ್ಲ, ಅದರ ಬದಲು ತುಂಬಿಸುತ್ತಿರಬೇಕು. ತಪ್ಪು ತನ್ನದೂ ಇದೆಯೆಂದು ಒಪ್ಪಿಕೊಂಡ. ಎರಡನೆಯ ಬಾರಿಯ ಹಣದಲ್ಲಿ ಅರ್ಧ ಕೊಡುವುದೆಂದು ಮಾತಾಯಿತು. ಬೂಷ್ಟಿನ ದೋಷವೊಂದೇ ಆ ಬಿಯರನ್ನು ಮಾರಲಾಗದಂತೆ ಮಾಡುತ್ತಿತ್ತು. ಆ ಲೆಕ್ಕದಲ್ಲಿ ಅರ್ಧ ಸಿಕ್ಕಿದ್ದು ಕೃಷಿಕರಿಗೆ ಲಾಭವೇ ಎಂದು ನನ್ನ ಅಭಿಪ್ರಾಯ. ಹಿಂದಿರುಗುವಾಗ ರೈಲಿನಲ್ಲಿ ಅವರಿಗೂ ಅದನ್ನೇ ಹೇಳಿದೆ. ಅವರು ಒಪ್ಪಲಿಲ್ಲ.

ಹಣ್ಣಿನ ತಪ್ಪು ಎಲ್ಲಿ ಆಯಿತು?

ಮೇ ತಿಂಗಳ ಹಣ್ಣನ್ನು ಮರದಿಂದಲೇ ಕೊಯ್ದಿದ್ದರು. ಜೂನಿನಲ್ಲಿ ಮಳೆ ಹಿಡಿದ ಮೇಲೆ ಆಳು ಸಿಗದೆ, ಬಿದ್ದ ಹಣ್ಣನ್ನು ಆರಿಸಿ ಗೋಣಿಚೀಲದಲ್ಲಿ ತುಂಬಿ ರಾತ್ರಿಯ ಬಸ್ಸಿಗೆ ಹಾಕಿದ್ದರು. ಮುರುಗಲಿನ ಸಿಪ್ಪೆ ಮೃದು, ಬಿದ್ದಾಗ ಒಡೆಯುತ್ತದೆ. ಒಡೆದ ಜಾಗದಲ್ಲಿ ಬೂಷ್ಟು ಕೂರುತ್ತದೆ, ಹಣ್ಣಿನ ಸಣ್ಣ ನೊಣಗಳು ವಿನೆಗರಿನ ಬ್ಯಾಕ್ಟೀರಿಯಾವನ್ನೂ ಕಾಡು ಯೀಸ್ಟನ್ನೂ ತಂದು ಬಿಡುತ್ತವೆ. ಒದ್ದೆ ಗೋಣಿಯಲ್ಲಿ ಹತ್ತು ಹನ್ನೆರಡು ಗಂಟೆ ಬಿಸಿಯೇರಿದರೆ ಉಳಿದ ಕೆಲಸವೂ ಆಗಿಬಿಡುತ್ತದೆ.

ಇಂಥ ಉಪಯೋಗಕ್ಕೆ ಹಣ್ಣು ಕಳುಹಿಸುವವರು ಪೂರ್ಣ ಕೆಂಪು ತಿರುಗಿದ ಹಣ್ಣನ್ನು ಮರದಿಂದಲೇ ಬಿಡಿಸಬೇಕು. ಅಥವಾ ಮರದ ಬುಡದಲ್ಲಿ ನೆರಳು ಬಲೆ ಕಟ್ಟಿ ಅದರ ಮೇಲೆ ಬೀಳುವುದನ್ನು ದಿನವೂ ಆರಿಸಬೇಕು. ನೆಲಕ್ಕೆ ಬಿದ್ದುದನ್ನು ಬೇರೆ ಇಟ್ಟು ಮನೆಬಳಕೆಗೆ ಒಣಗಿಸಿಕೊಳ್ಳಬಹುದು. ಬೂಷ್ಟು ಕಂಡದ್ದನ್ನು ಗೊಬ್ಬರದ ಗುಂಡಿಗೆ ಹಾಕಿ. ಗೋಣಿಯ ಬದಲು ಗಾಳಿಯಾಡುವ ಪ್ಲಾಸ್ಟಿಕ್ ಕ್ರೇಟು ಬಳಸಿ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆಯನ್ನು ಎಂದೂ ಕಳುಹಿಸಬಾರದು. ಯಾವ ದಿನ, ಯಾವ ಮರದಿಂದ ಕೊಯ್ದದ್ದೆಂದು ಕ್ರೇಟಿನ ಮೇಲೆ ಬರೆದಿಡಿ ಮತ್ತು ಪ್ರತಿ ಬಾರಿಯೂ ಒಂದು ಹಿಡಿ ಸಿಪ್ಪೆಯನ್ನು ಮನೆಯಲ್ಲಿ ಒಣಗಿಸಿ ಇಟ್ಟುಕೊಳ್ಳಿ. ತಕರಾರು ಬಂದಾಗ ತೋರಿಸಲು ಏನಾದರೂ ಕೈಯಲ್ಲಿರಬೇಕು.

ಅಡಿಕೆ ಬೆಳೆಗಾರರು ಇನ್ನೊಂದು ವಿಷಯವನ್ನು ಗಮನಿಸಬೇಕು. ಕೊಳೆರೋಗಕ್ಕೆ ಶೇಕಡ 1ರ ಬೋರ್ಡೋ ದ್ರಾವಣವನ್ನು, ಅಂದರೆ 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ ಹಾಗೂ ಸುಣ್ಣ 1 ಕಿಲೋ ಪ್ರಮಾಣದಲ್ಲಿ, ಮುಂಗಾರಿನ ಹೊಸ್ತಿಲಲ್ಲಿ ಮೊದಲ ಬಾರಿ ಸಿಂಪಡಿಸುತ್ತೇವೆ. ತೋಟದ ಅಂಚಿನ ಮುರುಗಲು, ನೇರಳೆ ಮರಗಳಲ್ಲಿ ಹಣ್ಣಿರುವುದೂ ಆಗಲೇ. ತಾಮ್ರ ಹೆಚ್ಚಾದರೆ ಯೀಸ್ಟ್ ಸೊರಗುತ್ತದೆ, ತಿನ್ನುವವರಿಗೂ ಒಳ್ಳೆಯದಲ್ಲ. ಸಿಂಪರಣೆಗೆ ಮೊದಲೇ ಅಂಚಿನ ಮರಗಳ ಹಣ್ಣನ್ನು ಕೊಯ್ದು ಮುಗಿಸಬೇಕು, ಇಲ್ಲವೇ ಆ ಮರಗಳ ಹಣ್ಣನ್ನು ಮಾರಾಟದಿಂದ ಬಿಡಬೇಕು.

ಎಷ್ಟು ಹಣ್ಣು ಬೇಕಾಗುತ್ತದೆ?

ಈ ಪ್ರಶ್ನೆಗೆ ಉತ್ತರ ತಿಳಿದ ಮೇಲೆ ಹಲವರ ಉತ್ಸಾಹ ಇಳಿಯಬಹುದು. ನನ್ನ ವಿದ್ಯಾರ್ಥಿ ಲೀಟರಿಗೆ 40 ಗ್ರಾಂ ಹಸಿ ಸಿಪ್ಪೆ ಹಾಕುತ್ತಾನೆ; ಮುರುಗಲು ಬಹಳ ಹುಳಿಯಾದುದರಿಂದ ಚೆರ್ರಿಯಷ್ಟು ಬೇಡ. 225 ಲೀಟರಿನ ಪೀಪಾಯಿಗೆ 9 ಕಿಲೋ ಸಿಪ್ಪೆ, ಅಂದರೆ ಸುಮಾರು 18 ಕಿಲೋ ಹಣ್ಣು. ಬಲಿತ ಎರಡು ಮೂರು ಮರಗಳಿದ್ದರೆ ಒಂದು ಘಟಕದ ವರ್ಷದ ಅಗತ್ಯ ತೀರಿಹೋಗಬಹುದು. ಆದುದರಿಂದ ಬಿಯರಿನವರನ್ನು ನಂಬಿ ಯಾರೂ ಹೊಸದಾಗಿ ಮುರುಗಲು ತೋಟ ಎಬ್ಬಿಸಬಾರದು. ಬೀಜದಿಂದ ಬಂದ ಸಸಿ ಫಲ ಕೊಡಲು ಏಳೆಂಟು ವರ್ಷ ಬೇಕು. ಅವುಗಳಲ್ಲಿ ಸುಮಾರು ಅರ್ಧದಷ್ಟು ಗಂಡು ಮರಗಳಾಗುತ್ತವೆ. ನೆಡಲೇಬೇಕೆಂದಿದ್ದರೆ ಒಳ್ಳೆಯ ಹೆಣ್ಣು ಮರದಿಂದ ಕಸಿ ಕಟ್ಟಿದ ಗಿಡಗಳನ್ನೇ ನೆಡಿ.

ಉಪ್ಪಾಗೆಯ ಕಥೆ ಹಿರಿಯರಿಗೆ ನೆನಪಿರಬಹುದು. 1990ರ ದಶಕದಲ್ಲಿ ಮೈತೂಕ ಇಳಿಸುವ ಔಷಧಿಗೆಂದು ಅದರ ಸಿಪ್ಪೆಗೆ ಹೊರದೇಶದ ಬೇಡಿಕೆ ಬಂದು ಬೆಲೆ ಏರಿತು. ಕೊಂಬೆ ಕಡಿದು ಹಣ್ಣು ಕೊಯ್ದವರೂ ಇದ್ದರು. 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ತೂಕ ಇಳಿಯುವ ಗುಣ ಕಂಡುಬರಲಿಲ್ಲ. ಬೆಲೆ ಇಳಿದಾಗ ಮರಗಳ ಕೊಂಬೆ ಮರಳಿ ಬರಲಿಲ್ಲ.

ಇದ್ದ ಮರಗಳಿಂದ ಇನ್ನಷ್ಟು ಆದಾಯ ಬರುವ ದಾರಿ ಬೇರೆಯೇ ಇದೆ. ನಮ್ಮ ಕೃಷಿಕರು ಈ ಬಾರಿ ಇಡೀ ಹಣ್ಣಿನ ಬದಲು ಮನೆಯಲ್ಲಿಯೇ ಹಣ್ಣು ಒಡೆದು, ಬೀಜ ತೆಗೆದು, ಸಿಪ್ಪೆಯನ್ನು ಮಾತ್ರ ಕಳುಹಿಸುವುದೆಂದು ಮಾತಾಡಿಕೊಂಡಿದ್ದಾರೆ. ಸಾಗಾಣಿಕೆಯ ತೂಕ ಅರ್ಧವಾಗುತ್ತದೆ. ಒಡೆಯುವಾಗ ಪ್ರತಿ ಹಣ್ಣನ್ನೂ ಕಣ್ಣಿಟ್ಟು ನೋಡಿದಂತೆಯೂ ಆಗುತ್ತದೆ. ಬೀಜ ಮನೆಯಲ್ಲಿಯೇ ಉಳಿಯುತ್ತದೆ. ಒಣಬೀಜದ ತೂಕದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಕೊಬ್ಬು. ಅದನ್ನು ಕುಟ್ಟಿ ಬೇಯಿಸಿ ತೆಗೆದ ಮುರುಗಲು ತುಪ್ಪ ಒಡೆದ ಹಿಮ್ಮಡಿಗೆ ಹಚ್ಚಲು ಈಗಾಗಲೇ ಹೊಸನಗರ, ಸಾಗರಗಳ ಮನೆಮನೆಗಳಲ್ಲಿ ಬಳಕೆಯಲ್ಲಿದೆ. ಬೀಜವನ್ನು ತೊಳೆದು ಬೂದಿಯಲ್ಲಿ ಹೊರಳಿಸಿ ಮಳೆಗೆ ಮೊದಲು ನಾಲ್ಕೈದು ಬಿಸಿಲು ಒಣಗಿಸಿಟ್ಟರೆ ಸಾಕು. ತುಪ್ಪ ತೆಗೆಯುವ ಕೆಲಸವನ್ನು ಮಳೆಗಾಲದ ಬಿಡುವಿನಲ್ಲಿ ಮಾಡಿಕೊಳ್ಳಬಹುದು.